ಗಾಯಕರ ತಾರತಮ್ಯ

೧

ಮೆಚ್ಚಿದುದನ್ನು ಮೆಚ್ಚಿ ಸುಮ್ಮನಿರುವವರು ಲೋಕದಲ್ಲಿ ವಿರಳ. ತಾನು ಮೆಚ್ಚಿದುದಕ್ಕಿಂತ ಹೆಚ್ಚಿನದು ಬೇರೊಂದಿಲ್ಲವೆಂದು ನಾಲ್ವರ ಮುಂದೆ ಸ್ಥಾಪಿಸಿದ ಹೊರತು ಮನುಷ್ಯನ ಮೆಚ್ಚುಗೆಗೆ ನೆಮ್ಮದಿಯಿರುವುದಿಲ್ಲ. ಪಂಪನು ಹಿರಿಯನೋ ಕುಮಾರವ್ಯಾಸನು ಹಿರಿಯನೋ ಎಂಬ ವಾದವು ನಮ್ಮಲ್ಲಿ ಎಂದಿಗೂ ಮುಗಿದುದಿಲ್ಲ. ಸಂಗೀತದ ವಿಷಯದಲ್ಲಿಯಂತೂ ಈ ವಾದಕ್ಕೆ ಕಾವು ಹೆಚ್ಚು. ಕಾವ್ಯವಾದರೆ ಪುಟವನ್ನು ತೆರೆದು ಬೆರಳಿಟ್ಟು ತೋರಿಸಬಹುದು. ಹಾಡಿದ ಸ್ವರವು ಗಾಳಿಗೆ ಸಂದುಹೋಗುವುದು. ಧ್ವನಿಮುದ್ರಣ ಬಂದ ಮೇಲೆ ಸ್ವರವು ಉಳಿಯಿತಾದರೂ ಅದನ್ನು ಮೊದಲ ಸಲ ಕೇಳಿದ ದಿನದ ಉದ್ವೇಗವು ಯಾವ ತಟ್ಟೆಯಲ್ಲಿಯೂ ಉಳಿಯದು. ಆದುದರಿಂದ ರಸಿಕರಲ್ಲಿ ಪ್ರತಿಯೊಬ್ಬನೂ ತನ್ನ ನೆನಪನ್ನೇ ಸಾಕ್ಷಿಯಾಗಿ ಕರೆತಂದು, ತಾನೇ ವಕೀಲನಾಗಿ ವಾದಿಸಿ, ತಾನೇ ನ್ಯಾಯಾಧೀಶನಾಗಿ ತೀರ್ಪು ಕೊಡುವನು.

ಕೆಲವು ತಿಂಗಳ ಹಿಂದೆ ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದಲ್ಲಿ ಮಿತ್ರರೊಬ್ಬರ ಮನೆಯಲ್ಲಿ ಇಂಥದೊಂದು ವಾದವನ್ನು ಕೇಳುವ ಯೋಗ ನನಗೆ ಒದಗಿತು. ವಡ್ಡು ತೋರಣಗಲ್ಲಿನ ಮಗ್ಗುಲ ಊರು. ಅಲ್ಲಿ ಉಕ್ಕಿನ ಕಾರ್ಖಾನೆ ನಿಂತ ಮೇಲೆ ಧಾರವಾಡ, ಗದಗ, ಬೆಳಗಾವಿಯ ಕಡೆಯ ಸಂಸಾರಗಳೂ ಮಹಾರಾಷ್ಟ್ರದ ಸಂಸಾರಗಳೂ ಬಂದು ಸುತ್ತಮುತ್ತ ನೆಲಸಿವೆ. ಹೊಸಪೇಟೆ, ಕಂಪ್ಲಿಗಳಿಂದ ಬಂದ ಇಬ್ಬರು ಮೂವರು ಕರ್ಣಾಟಕ ಸಂಗೀತದಲ್ಲಿ ಬೆಳೆದವರು. ಹಿಂದುಸ್ತಾನಿಗೆ ತಡವಾಗಿ ಕಿವಿಗೊಟ್ಟವರು. ಹೀಗೆ ಊಟದ ತರುವಾಯ ಚಾಪೆಯ ಮೇಲೆ ಕುಳಿತ ಹತ್ತು ಹನ್ನೆರಡು ಜನರಲ್ಲಿ ಎಲ್ಲ ದಿಕ್ಕಿನ ಅಭಿರುಚಿಯೂ ಇದ್ದಿತು.

ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಕುಮಾರ ಗಂಧರ್ವ, ಈ ಮೂವರಲ್ಲಿ ಶ್ರೇಷ್ಠರಾರು ಎಂಬುದೇ ಅಂದಿನ ಪ್ರಶ್ನೆ. ಮೂವರೂ ಕನ್ನಡನಾಡಿನಲ್ಲಿ ಹುಟ್ಟಿದವರು. ಮನಸೂರರು ಧಾರವಾಡದ ಸಮೀಪದ ಮನಸೂರಿನವರು, ಜೋಶಿಯವರು ಗದಗಿನವರು, ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹೆಸರಿನ ಕುಮಾರರು ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ಮೂವರೂ ಈಗ ಇಲ್ಲ. ೧೯೯೨ರ ಜನವರಿಯಲ್ಲಿ ಕುಮಾರರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮನಸೂರರೂ ತೀರಿಕೊಂಡರು; ಜೋಶಿಯವರು ೨೦೧೧ರ ಜನವರಿಯಲ್ಲಿ ತೀರಿಕೊಂಡರು. ಅವರ ಕಚೇರಿಯನ್ನು ಎದುರು ಕುಳಿತು ಕೇಳಿದವರು ಅಂದಿನ ಕೂಟದಲ್ಲಿ ನಾಲ್ವರು. ಉಳಿದವರೆಲ್ಲ ರೆಕಾರ್ಡುಗಳಿಂದ ಕಲಿತ ರಸಿಕರು.

ಆತಿಥೇಯರ ಮಗನೊಬ್ಬನು ಎಂಜಿನಿಯರ್. ಆತನಿಗೆ ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಆಸಕ್ತಿ. ಅದರಲ್ಲಿಯೂ ೧೯೬೦ರ ದಶಕದ ಕಡೆಯಲ್ಲಿ ಇಂಗ್ಲೆಂಡಿನಲ್ಲಿ ತಲೆಯೆತ್ತಿದ ಪ್ರೋಗ್ರೆಸಿವ್ ರಾಕ್ ಎಂಬ ಪಂಥದಲ್ಲಿ. ಮೂರು ನಿಮಿಷದ ಹಾಡಿನ ಕಟ್ಟನ್ನು ಮುರಿದು ದೀರ್ಘವಾದ ಕೃತಿಗಳನ್ನೂ ವಿಷಮವಾದ ತಾಳಗಳನ್ನೂ ತಂದ ಪಂಥವದು. ಅದರಲ್ಲಿ ಜೆನೆಸಿಸ್ ಎಂಬ ಮೇಳವೊಂದಿದ್ದಿತು. ಅದರ ಗಾಯಕ ಪೀಟರ್ ಗೇಬ್ರಿಯಲ್ ೧೯೭೫ರಲ್ಲಿಯೂ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ೧೯೭೭ರಲ್ಲಿಯೂ ಮೇಳವನ್ನು ಬಿಟ್ಟು ಒಂಟಿಯಾಗಿ ನಡೆದರು. ಹೀಗೆ ಹೊರಬಿದ್ದ ಕಲಾವಿದರಲ್ಲಿ ನಿಜವಾಗಿ ಮುಂದಕ್ಕೆ ಹೋದವನಾರು, ಬಿಟ್ಟ ಮನೆಯ ಸಾಮಾನನ್ನೇ ಹೊತ್ತು ತಿರುಗಿದವನಾರು ಎಂದು ಆ ಸಂಗೀತದ ಅಭಿಮಾನಿಗಳು ಇಂದಿಗೂ ತೂಗಿ ನೋಡುವರಂತೆ. “ನಿಮ್ಮ ಘರಾನಾ ಎಂದರೂ ಮನೆಯೇ ತಾನೆ? ಹಾಗಾದರೆ ಮನೆಯಿಂದ ಬಹುದೂರ ಹೋದವರು ಕುಮಾರ ಗಂಧರ್ವರು, ಅವರೇ ಮೊದಲಿಗರು. ಅರ್ಧ ದಾರಿ ಹೋದವರು ಜೋಶಿ. ಹೊಸ್ತಿಲು ದಾಟದವರು ಮನಸೂರರು” ಎಂದು ಆ ತರುಣನು ತೀರ್ಪಿತ್ತನು. ಒಡನೆಯೇ ಧಾರವಾಡದ ಹಿರಿಯರೊಬ್ಬರು, “ಅದಕ್ಕಾಗಿಯೇ ಮನಸೂರರು ಮೊದಲಿಗರು, ಮನೆಯನ್ನು ಕಾದವರು ಅವರೊಬ್ಬರೇ” ಎಂದು ಎದುರು ನುಡಿದರು.

ಇಬ್ಬರ ತೀರ್ಪೂ ಒಂದಕ್ಕೊಂದು ವಿರುದ್ಧವೆಂದು ಎಲ್ಲರೂ ನಕ್ಕರು. ನನಗೆ ಮಾತ್ರ ಇಬ್ಬರೂ ಹಿಡಿದ ಅಳತೆಗೋಲು ಒಂದೇ ಎಂದು ತೋರಿತು. ಒಬ್ಬನು ಅದನ್ನು ತುದಿಯಿಂದ ಹಿಡಿದನು, ಇನ್ನೊಬ್ಬರು ಬುಡದಿಂದ ಹಿಡಿದರು. ಮನೆಗೂ ಗಾಯಕನಿಗೂ ನಡುವಿನ ದೂರವೇ ಅವನ ಹೊಸತನದ ಪ್ರಮಾಣ ಎಂಬ ನಂಬಿಕೆ ಇಬ್ಬರದೂ ಹೌದು. ಈ ನಂಬಿಕೆ ಸರಿಯೇ ಎಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

೨

ಮನಸೂರರು ಮನೆ ಬಿಡಲಿಲ್ಲವೆಂಬ ಮಾತನ್ನು ಮೊದಲು ನೋಡೋಣ. ೧೯೧೦ರ ಡಿಸೆಂಬರ್ ಕಡೆಯ ದಿನ ಹುಟ್ಟಿದ ಈ ಹಳ್ಳಿಯ ಹುಡುಗನು ಮೊದಲು ಬಣ್ಣ ಹಚ್ಚಿದ್ದು ನಾಟಕದ ಕಂಪನಿಯಲ್ಲಿ. ಅಪ್ಪಯ್ಯಸ್ವಾಮಿಗಳಿಂದ ಮೊದಲಿನ ಪಾಠವಾದುದು ಕರ್ಣಾಟಕ ಸಂಗೀತದಲ್ಲಿ. ಅನಂತರ ಮೀರಜದ ನೀಲಕಂಠಬುವಾ ಅಲೂರಮಠರಲ್ಲಿ ಗ್ವಾಲಿಯರ್ ಪದ್ಧತಿ. ಅದಾದ ಮೇಲೆ ಜಯಪುರ-ಅತ್ರೌಲಿ ಮನೆತನದ ಅಲ್ಲಾದಿಯಾಖಾನರ ಮಗ ಮಂಜೀಖಾನರು. ಅವರು ೧೯೩೭ರಲ್ಲಿ ತೀರಿಕೊಳ್ಳಲು ಅವರ ತಮ್ಮ ಬುರ್ಜೀಖಾನರು. ಎಂದರೆ, ಮನೆಯನ್ನು ಕಾದವರೆಂದು ನಾವು ಹೊಗಳುವ ಈ ಗಾಯಕರು ಆ ಮನೆಗೆ ಬಂದದ್ದೇ ಎರಡು ಮನೆಗಳನ್ನು ದಾಟಿಕೊಂಡು. ಅವರ ನಿಷ್ಠೆ ಹುಟ್ಟಿನಿಂದ ಬಂದುದಲ್ಲ, ಆರಿಸಿಕೊಂಡುದು.

ಆರಿಸಿಕೊಂಡ ಮನೆಯಲ್ಲಿ ಅವರು ಏನು ಮಾಡಿದರು? ಜಯಪುರದ ಗಾಯನವು ಜೋಡರಾಗಗಳಿಗೂ ಅಪೂರ್ವರಾಗಗಳಿಗೂ ಹೆಸರಾದುದು. ಶಿವಮತ ಭೈರವ, ಲಾಚಾರಿ ತೋಡಿ, ಬಸಂತೀ ಕೇದಾರ ಮೊದಲಾದುವು ಇತರರ ಬಾಯಲ್ಲಿ ಪಾಂಡಿತ್ಯದ ಪ್ರದರ್ಶನವಾಗುವ ಅಪಾಯವುಂಟು. ಮನಸೂರರ ಬಾಯಲ್ಲಿ ಅವು ದಿನಬಳಕೆಯ ಮಾತಿನಷ್ಟು ಸಹಜವಾದುವು. ಎರಡು ರಾಗಗಳು ಸೇರುವಲ್ಲಿ ಅವರು ಬೆಸುಗೆಯ ಗುರುತನ್ನು ಉಳಿಸುವುದಿಲ್ಲ. ಅವರು ಸ್ವರವನ್ನು ಬೇರೆಯಾಗಿಟ್ಟು, ಲಯವನ್ನು ಬೇರೆಯಾಗಿಟ್ಟು ಆಮೇಲೆ ಕೂಡಿಸುವವರಲ್ಲ. ಮೊದಲ ಆವರ್ತದಿಂದಲೇ ಎರಡೂ ಹೆಣೆದುಕೊಂಡು ಹೊರಡುವುವು. ವಾಕ್ಯವು ಇಲ್ಲಿ ಮುಗಿಯಿತೆಂದು ಕಿವಿಯು ವಿಶ್ರಮಿಸಹೊರಟಲ್ಲಿ ಅವರು ಇನ್ನೊಂದು ತಿರುವು ತಿರುಗಿ, ಸಮ್ ಬಳಿ ಹೊರಗಿನಿಂದ ಬಂದ ಅತಿಥಿಯಂತೆ ಥಟ್ಟನೆ ಕಾಣಿಸಿಕೊಳ್ಳುವರು.

ದೋಷವಿಲ್ಲವೇ? ಉಂಟು. ಈ ಗಾಯನವು ಹೊಸ ಕೇಳುಗನಿಗೆ ದಯೆ ತೋರುವುದಿಲ್ಲ. ಉಸಿರಾಡಲು ಎಡೆಯಿಲ್ಲದಷ್ಟು ದಟ್ಟವಾದ ನೆಯ್ಗೆ ಅದು. ಖ್ಯಾಲಿನಲ್ಲಿ ಸಾಹಿತ್ಯದ ಮಾತುಗಳೂ ಸ್ವರದ ಓಟದಲ್ಲಿ ಮಸುಕಾಗುವುವು. ಈ ಕಾಠಿಣ್ಯವನ್ನು ಕಳೆಯುವುದು ಅವರು ಹಾಡಿದ ವಚನಗಳು. ಖ್ಯಾಲಿನಲ್ಲಿ ಮಾತನ್ನು ಮರೆತಂತೆ ತೋರುವವರು ವಚನದಲ್ಲಿ ಒಂದು ನುಡಿಯ ಮೇಲೆ ನಿಂತು, ಅದರ ಅರ್ಥ ನಮ್ಮೊಳಗೆ ಇಳಿಯುವ ತನಕ ಕಾಯುವರು. ತಮ್ಮ ಆತ್ಮಕಥೆಯನ್ನು ಅವರು ‘ನನ್ನ ರಸಯಾತ್ರೆ’ ಎಂದು ಕರೆದರು. ಯಾತ್ರೆ ಎಂಬ ಮಾತನ್ನು ಆರಿಸಿದವರನ್ನು ಹೊಸ್ತಿಲು ದಾಟದವರೆನ್ನುವುದು ಹೇಗೆ?

೩

ಭೀಮಸೇನರು ಅಕ್ಷರಶಃ ಮನೆ ಬಿಟ್ಟವರು. ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅಬ್ದುಲ್ ಕರೀಂಖಾನರ ಗ್ರಾಮಾಫೋನ್ ತಟ್ಟೆಯೊಂದರ ಮೋಹಕ್ಕೆ ಸಿಕ್ಕಿ, ಗುರುವನ್ನು ಹುಡುಕಿಕೊಂಡು ಉತ್ತರದ ಕಡೆಗೆ ಓಡಿಹೋದರು. ಅಂದಿನ ತಟ್ಟೆಯ ಒಂದು ಮೈಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಆ ಮೂರು ನಿಮಿಷವು ಒಬ್ಬ ಬಾಲಕನ ಇಡೀ ಬಾಳನ್ನು ತಿರುಗಿಸಿತು. ಗ್ವಾಲಿಯರ್, ಜಲಂಧರಗಳ ತನಕ ಅಲೆದವರಿಗೆ ಗುರುವು ದೊರೆತುದು ಗದಗಿಗೆ ದೂರವಲ್ಲದ ಕುಂದಗೋಳದಲ್ಲಿ: ಕರೀಂಖಾನರ ಶಿಷ್ಯರಾದ ಸವಾಯಿ ಗಂಧರ್ವರು. ಅದು ೧೯೩೬.

ಕಿರಾನಾ ಮನೆತನದ ಹಿರಿಯರು ಸ್ವರವನ್ನು ಮೃದುವಾಗಿ, ಒಂದೊಂದಾಗಿ, ಮುಟ್ಟಿದರೆ ನಲುಗುವ ಹೂವಿನಂತೆ ಎತ್ತಿ ತೋರಿಸಿದವರು. ಜೋಶಿಯವರು ಆ ಸಾವಧಾನವನ್ನು ಉಳಿಸಿಕೊಂಡು ಅದಕ್ಕೆ ಮೈಕಟ್ಟನ್ನು ಕೊಟ್ಟರು. ಮಂದ್ರಸ್ಥಾಯಿಯಿಂದ ಹೊರಟ ವಿಸ್ತಾರವು ತಾರಷಡ್ಜವನ್ನು ಮುಟ್ಟುವ ವೇಳೆಗೆ ಕೇಳುಗನ ಎದೆಯಲ್ಲಿಯೂ ಉಸಿರು ತುಂಬಿ ನಿಂತಿರುವುದು. ಆ ಬಳಿಕ ಬರುವ ತಾನಗಳು ಕಿರಾನಾದ ಹಳೆಯ ಮನೆಯಲ್ಲಿ ಕೇಳದ ಗುಡುಗು. ಅದನ್ನು ಅವರು ಎಲ್ಲೆಲ್ಲಿಂದ ಆಯ್ದು ತಂದರೋ ಹೇಳುವುದು ಕಷ್ಟ. ತಂದುದನ್ನು ತನ್ನದಾಗಿಸಿಕೊಂಡರೆಂಬುದು ಮಾತ್ರ ಸ್ಪಷ್ಟ.

ಅವರ ಮೇಲಿನ ಆಕ್ಷೇಪವೂ ಪ್ರಸಿದ್ಧವಾದುದೇ. ಹಾಡಿದ ರಾಗಗಳು ಮಿತ: ಪೂರಿಯಾ, ಶುದ್ಧ ಕಲ್ಯಾಣ, ಮಿಯಾ ಕೀ ತೋಡಿ, ಮಾಲಕೌಂಸ, ದರಬಾರಿ, ಮತ್ತೆ ಅವೇ. ಆಕ್ಷೇಪವು ಸುಳ್ಳಲ್ಲ. ಆದರೆ ನಿತ್ಯವೂ ಒಂದೇ ನದಿಯಲ್ಲಿ ಮೀಯುವವನನ್ನು ಬೇರೆ ನದಿಗಳನ್ನರಿಯದವನೆಂದು ಹಳಿಯುವುದು ನ್ಯಾಯವಲ್ಲ. ನನ್ನ ಆಕ್ಷೇಪ ಬೇರೆ. ಅವರ ಶಕ್ತಿಯು ಕೆಲವು ವೇಳೆ ಕೇಳುಗನನ್ನು ಗೆಲ್ಲುವುದರಲ್ಲಿಯೇ ತೃಪ್ತವಾಗುವುದು. ಸಭೆ ಚಪ್ಪಾಳೆಯಿಕ್ಕಿದ ಕಡೆಗೆ ರಾಗವೂ ಒಂದಿಷ್ಟು ವಾಲುವುದು. ಇಷ್ಟಾಗಿಯೂ ನಮ್ಮ ಮನೆಗಳಿಗೆ ಹಿಂದುಸ್ತಾನಿ ಗಾಯನವನ್ನು ಕರೆತಂದವರು ಅವರೇ ಎಂಬುದನ್ನು ಮರೆಯಲಾಗದು. ಹಂಪೆಯಲ್ಲಿ ತುಂಗಭದ್ರೆಯ ದಡದ ಪುರಂದರಮಂಟಪವನ್ನು ಕಂಡು ಬೆಳೆದ ನಮಗೆ ದಾಸರ ಪದಗಳು ಅಡಿಗೆಮನೆಯ ಆಸ್ತಿ. ಅವನ್ನು ಜೋಶಿಯವರು ಹಾಡಿದಾಗ, ಕರ್ಣಾಟಕ ಸಂಗೀತದಲ್ಲಿ ಬೆಳೆದ ಹೊಸಪೇಟೆಯ ತಾಯಂದಿರೂ ರಾಗದ ಹೆಸರನ್ನು ಕೇಳದೆ ಕಿವಿಗೊಟ್ಟರು. ೧೯೬೬ರ ‘ಸಂಧ್ಯಾರಾಗ’ ಚಿತ್ರದಲ್ಲಿ ಅವರ ಕಂಠವನ್ನು ಕೇಳಿದ ಎಷ್ಟೋ ಜನಕ್ಕೆ ಅದೇ ಮೊದಲ ಖ್ಯಾಲಿನ ಬಾಗಿಲು. ೨೦೦೮ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಾಗ ಆ ಮನೆಗಳೆಲ್ಲ ತಮ್ಮವನೊಬ್ಬನಿಗೆ ಸಂದಿತೆಂದು ಹಿಗ್ಗಿದುವು.

೪

ಕುಮಾರ ಗಂಧರ್ವರ ವಿಷಯವನ್ನು ಬರೆಯುವ ಮುನ್ನ ಒಂದು ತಪ್ಪೊಪ್ಪಿಗೆ ಸಲ್ಲಬೇಕು. ನಾನು ಬಹುಕಾಲ ಮನಸೂರರ ಪಕ್ಷದವನಾಗಿದ್ದು ಕುಮಾರರ ಗಾಯನವನ್ನು “ತುಂಡು ತುಂಡು” ಎಂದು ಹಳಿದವನು. ಅವರು ಒಂದು ಸ್ವರಪುಂಜವನ್ನು ಎಸೆದು ನಿಲ್ಲುವರು, ಮೌನ, ಮತ್ತೆ ಎಲ್ಲಿಂದಲೋ ಇನ್ನೊಂದು. ಇದು ದಾರಿದ್ರ್ಯವೆಂದು ನನಗೆ ತೋರಿದ್ದಿತು. ಇದಕ್ಕೆ ಸುಲಭವಾದ ಕಾರಣವೂ ಕೈಯಲ್ಲಿಯೇ ಇದ್ದಿತು. ಬಾಲ್ಯದಲ್ಲಿಯೇ ದೊಡ್ಡ ಗಾಯಕರ ಹಾಡಿಕೆಯನ್ನು ಕೇಳಿದಂತೆಯೇ ಒಪ್ಪಿಸಿ ವಿಸ್ಮಯಗೊಳಿಸಿದ ಈ ಗಾಯಕರು, ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತು ಹೆಸರು ಪಡೆಯುತ್ತಿದ್ದಾಗ, ೧೯೪೭ರಲ್ಲಿ ಕ್ಷಯರೋಗಕ್ಕೆ ಸಿಕ್ಕಿದರು. ೧೯೪೮ರ ಆರಂಭದಲ್ಲಿ ಒಣಹವೆಯ ಮಾಳವದೇಶಕ್ಕೆ, ದೇವಾಸಕ್ಕೆ, ಹೋಗಿ ಹಾಸಿಗೆ ಹಿಡಿದರು. ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಮದ್ದಿನಿಂದ ಜೀವವುಳಿಯಿತು. ಒಂದು ಶ್ವಾಸಕೋಶವು ಬಹುಮಟ್ಟಿಗೆ ನಿರುಪಯುಕ್ತವಾಯಿತು. ವರ್ಷಗಟ್ಟಲೆ ಹಾಡಲಾರದೆ ಇದ್ದವರು ಮತ್ತೆ ವೇದಿಕೆಯೇರಿದಾಗ ಈ ಹೊಸ ಬಗೆಯ ಗಾಯನವು ಕೇಳಿತು. ಆದುದರಿಂದ ಉಸಿರು ಸಾಲದವನ ಉಪಾಯವಿದು ಎಂದು ನಾವು ಹೇಳಿದೆವು. ಅವರ ಭಕ್ತರೋ, ರೋಗವೇ ಅವರಿಗೆ ಗುರುವಾಯಿತೆಂದರು.

ಎರಡೂ ಮಾತು ತಪ್ಪೆಂದು ಈಗ ನನ್ನ ಅಭಿಪ್ರಾಯ. ಕ್ಷಯದಿಂದ ನರಳಿದವರು ಲಕ್ಷಾಂತರ; ಅವರೆಲ್ಲ ಕುಮಾರ ಗಂಧರ್ವರಾಗಲಿಲ್ಲ. ದೇವಧರರ ಶಾಲೆಯಲ್ಲಿ ಒಂದೇ ಘರಾನೆಯ ಕಟ್ಟುಪಾಡಿರಲಿಲ್ಲ. ಹಲವು ಮನೆಗಳ ಗಾಯನವನ್ನು ಕೇಳಿ, ಪ್ರಶ್ನಿಸಿ, ಹೋಲಿಸುವ ಸ್ವಾತಂತ್ರ್ಯವು ರೋಗಕ್ಕೆ ಮೊದಲೇ ಅಲ್ಲಿ ಬೆಳೆದಿದ್ದಿತು. ರೋಗವು ಕೊಟ್ಟುದು ಹಾಸಿಗೆಯನ್ನೂ ಬಿಡುವನ್ನೂ. ಆ ಬಿಡುವಿನಲ್ಲಿ ಅವರು ಮಾಳವದ ಹೆಂಗಸರ ಹಾಡುಗಳಿಗೆ ಕಿವಿಗೊಟ್ಟು, ರಾಗವು ಶಾಸ್ತ್ರದಿಂದ ಹುಟ್ಟಿದುದಲ್ಲ, ಜನಪದರ ಧುನಿನಿಂದ ಹುಟ್ಟಿದುದು ಎಂಬ ನಿರ್ಣಯಕ್ಕೆ ಬಂದರು. ಆ ಧುನುಗಳಿಂದಲೇ ಮಾಲವತಿ, ಸಂಜಾರಿ, ಲಗನ ಗಾಂಧಾರ ಮೊದಲಾದ ಹೊಸ ರಾಗಗಳನ್ನು ಕಟ್ಟಿದರು. ೧೯೬೫ರಲ್ಲಿ ಪ್ರಕಟವಾದ ‘ಅನೂಪರಾಗವಿಲಾಸ’ದಲ್ಲಿ ಅವರ ರಚನೆಗಳು ಸಂಗ್ರಹವಾಗಿವೆ. ಇವರು ಮನೆ ಬಿಟ್ಟು ಮುಂದಕ್ಕೆ ಓಡಿದವರಲ್ಲ. ಮನೆಯ ಅಡಿಗಲ್ಲು ಎಲ್ಲಿದೆಯೆಂದು ಹುಡುಕಿಕೊಂಡು ಹಿಂದಕ್ಕೆ, ಕೆಳಕ್ಕೆ ಹೋದವರು. ತರುಣರು ಇವರನ್ನು ಕ್ರಾಂತಿಕಾರಿಯೆಂದು ಹೊಗಳುವಾಗ ಈ ಮಾತನ್ನು ನೆನೆಯುವುದು ಒಳ್ಳೆಯದು.

ಇನ್ನು ಆ ಮೌನ. ಕುಮಾರರು ತಂಬೂರಿಯ ಶ್ರುತಿಯ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂಬುದು ಸಂಗೀತಗಾರರೆಲ್ಲ ಬಲ್ಲ ಸಂಗತಿ. ಅವರು ಸುಮ್ಮನಾದಾಗ ಹಾಡು ನಿಲ್ಲುವುದಿಲ್ಲ. ಅವರು ಬಿಟ್ಟ ಸ್ವರವನ್ನು ತಂಬೂರಿಯು ಎತ್ತಿಕೊಳ್ಳುವುದು. ನಾನು ದಾರಿದ್ರ್ಯವೆಂದುಕೊಂಡುದು ಅವರು ಕೇಳುಗನಿಗೆ ಬಿಟ್ಟುಕೊಟ್ಟ ಎಡೆಯಾಗಿದ್ದಿತು. ಕಬೀರನ ನಿರ್ಗುಣಪದಗಳಲ್ಲಿ ಈ ಎಡೆಯು ಅರ್ಥವನ್ನೇ ಹಿಗ್ಗಿಸುವುದು. ಆದರೂ ವಿಮರ್ಶಕನು ಒಂದು ಮಾತನ್ನು ಹೇಳಬೇಕು. ಕೆಲವು ಕಚೇರಿಗಳಲ್ಲಿ ಅವರ ವಿಚಾರವು ಹಾಡಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವುದು. ಪಿಸುಮಾತಿನಿಂದ ಕೂಗಿಗೆ ನೆಗೆಯುವ ಪರಿ ಅಭ್ಯಾಸವಾಗಿಬಿಡುವುದು. ಅನುಕರಿಸಿದವರಲ್ಲಿಯಂತೂ ಆ ನೆಗೆತ ಮಾತ್ರ ಉಳಿದಿದೆ.

೫

ಅಂದಿನ ರಾತ್ರಿಗೆ ಮರಳುತ್ತೇನೆ. ವಾದವು ಬಿಸಿಯೇರಲು ಆತಿಥೇಯರು ಜಾಣತನದಿಂದ, “ಮಾತು ಸಾಕು, ಮಾಲಕೌಂಸ ಕೇಳೋಣ” ಎಂದರು. ಮಾಲಕೌಂಸವು ಕರ್ಣಾಟಕ ಸಂಗೀತದ ಹಿಂದೋಳವೇ. ರಿಷಭ ಪಂಚಮಗಳಿಲ್ಲದ ಐದು ಸ್ವರಗಳ ರಾಗ. ಆದುದರಿಂದ ಹೊಸಪೇಟೆಯವರಿಗೂ ಅಪರಿಚಿತವಲ್ಲ. ಜೋಶಿಯವರು ಐದು ಸ್ವರಗಳನ್ನು ಐದು ಕಂಬಗಳಾಗಿ ನಿಲ್ಲಿಸಿ, ಅವುಗಳ ಮೇಲೆ ನಿಧಾನವಾಗಿ ಮಾಳಿಗೆಯನ್ನು ಕಟ್ಟಿದರು. ಕುಮಾರರು ಅದೇ ಐದನ್ನು ದಾರಿಯಲ್ಲಿ ಸಿಕ್ಕ ಹಾಡಿನಂತೆ ಎತ್ತಿಕೊಂಡು, ಒಂದೊಂದು ಮಗ್ಗುಲಿಗೂ ದೀಪ ಹಿಡಿದು ನೋಡಿದರು. ಮನಸೂರರದು ಸಂಪೂರ್ಣ ಮಾಲಕೌಂಸ. ಜಯಪುರದವರು ಬಿಟ್ಟ ಎರಡು ಸ್ವರಗಳನ್ನೂ ಒಳಗೆ ಕರೆದ ರಾಗವದು; ಆ ಎರಡೂ ಬಂದು ಹೋದುದನ್ನು ನಾವು ಕಂಡೆವೋ ಇಲ್ಲವೋ ಎಂಬಂತೆ ಅವರು ಹಾಡಿ ಮುಗಿಸಿದರು.

ಕೇಳಿದ ಮೇಲೆ ಯಾರೂ ತಮ್ಮ ನೆಚ್ಚಿನ ಗಾಯಕರನ್ನು ಬದಲಿಸಲಿಲ್ಲ. ಆದರೆ ತಮ್ಮ ಕಾರಣಗಳನ್ನು ಬದಲಿಸಿದರು. ಮನೆಯನ್ನು ಕಾದವರು, ಮುರಿದವರು ಎಂಬ ಮಾತು ಅಲ್ಲಿಗೆ ನಿಂತು, ಯಾರು ಎಲ್ಲಿ ಉಸಿರು ತೆಗೆದರು ಎಂಬ ಮಾತು ಮೊದಲಾಯಿತು. ನನಗೆ ಬೇಕಾಗಿದ್ದ ಅಳತೆಗೋಲು ಅದೇ. ಗಾಯಕನು ಗುರುವಿನಿಂದ ಎಷ್ಟು ದೂರ ಹೋದನೆಂಬುದು ಪ್ರಶ್ನೆಯಲ್ಲ. ಪಡೆದುದನ್ನು ತನ್ನ ಮೈಯ, ತನ್ನ ಉಸಿರಿನ ಅಳತೆಗೆ ಎಷ್ಟು ತಂದುಕೊಂಡನೆಂಬುದು ಪ್ರಶ್ನೆ. ಈ ಪ್ರಮಾಣದಿಂದ ನೋಡಿದರೆ ಮೂವರೂ ಹೊಸಬರು. ನಾನು ಇಂದಿಗೂ ಮನಸೂರರನ್ನೇ ಮೊದಲು ಕೇಳುವವನು. ಅದಕ್ಕೆ ಕಾರಣ ಅವರು ಹೆಚ್ಚಿನವರೆಂಬುದಲ್ಲ; ನನ್ನ ಮನಸ್ಸು ದಟ್ಟವಾದ ನೆಯ್ಗೆಯನ್ನು ಬಯಸುವುದು, ಅಷ್ಟೇ.

ಈ ಪ್ರಮಾಣವನ್ನು ಒಪ್ಪಿದರೆ ನಮ್ಮ ಪಟ್ಟಿಯ ಕೊರತೆಯೂ ಬಯಲಾಗುವುದು. ಗಂಟಲಿನ ಚಿಕಿತ್ಸೆಯ ತರುವಾಯ ಕಂಠವು ತಗ್ಗಿ ಗಡುಸಾದಾಗ ಎದೆಗೆಡದೆ, ಆ ಗಡುಸಿನಿಂದಲೇ ಕಿರಾನಾ ಗಾಯನಕ್ಕೆ ಹೊಸ ಗಾಂಭೀರ್ಯವನ್ನು ತಂದ ಗಂಗೂಬಾಯಿ ಹಾನಗಲ್ಲರು (೧೯೧೩-೨೦೦೯) ಸವಾಯಿ ಗಂಧರ್ವರ ಶಿಷ್ಯೆಯೇ. ಅಂದು ಅವರ ಹೆಸರು ಬಂದುದು ಒಂದೇ ಸಲ; ಅದೂ “ಹೆಂಗಸರಲ್ಲಿ” ಎಂಬ ಪ್ರತ್ಯೇಕವಾದ ಪಂಕ್ತಿಯಲ್ಲಿ. ಇನ್ನೊಂದು ಹೆಸರಂತೂ ಬರಲೇ ಇಲ್ಲ. ತಾರತಮ್ಯದ ವಿಷಯದಲ್ಲಿ ಇಷ್ಟು ಬರೆಯುವ ನನ್ನ ಬಾಯಿಂದಲೂ ಬರಲಿಲ್ಲ.

೧೯೩೬ರಲ್ಲಿ ವಿಜಯನಗರದ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆಯಿತು. ಆಗ ಮನಸೂರರು ಮಂಜೀಖಾನರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಭೀಮಸೇನರು ಕುಂದಗೋಳದ ಬಾಗಿಲು ತಟ್ಟಿದ ಬಾಲಕ. ಕುಮಾರರು ಹನ್ನೆರಡರ ಹುಡುಗ. ಆ ಉತ್ಸವದಲ್ಲಿ ಇಪ್ಪತ್ತು ತುಂಬದ ತರುಣನೊಬ್ಬನು ತನ್ನ ಮೊದಲ ಕಚೇರಿಯನ್ನು ಮಾಡಿದನು. ಅವನಿಗೆ ತಬಲಾ ನುಡಿಸಿದವರು ಅವನ ಗುರುಗಳೇ, ಗದಗಿನ ಅಂಧಗಾಯಕ ಪಂಚಾಕ್ಷರಿ ಗವಾಯಿಗಳು. ಆ ತರುಣನೇ ಬಸವರಾಜ ರಾಜಗುರು. ಗವಾಯಿಗಳು ೧೯೪೪ರಲ್ಲಿ ತೀರಿಕೊಂಡ ಮೇಲೆಯೂ ಹಲವು ಮನೆಗಳ ಗುರುಗಳಲ್ಲಿ ಕಲಿತು, ಖ್ಯಾಲನ್ನೂ ವಚನವನ್ನೂ ನಾಟ್ಯಗೀತವನ್ನೂ ಒಂದೇ ಹಗುರವಾದ ಕಂಠದಲ್ಲಿ ಹಾಡಿದವರು ಅವರು. ಅದೂ ಪ್ರಯಾಸದ ಗುರುತಿಲ್ಲದೆ. ೧೯೯೧ರಲ್ಲಿ ಅವರು ತೀರಿಕೊಂಡರು. ಮನೆಯನ್ನು ಕಾದರೆಂದಾಗಲಿ ಮುರಿದರೆಂದಾಗಲಿ ಅವರನ್ನು ಹೇಳಲು ಬಾರದು. ಆದುದರಿಂದಲೇ ನಮ್ಮ ಎರಡು ಪಕ್ಷಗಳಲ್ಲಿ ಒಂದಕ್ಕೂ ಅವರು ಬೇಕಾಗಲಿಲ್ಲ. ವಡ್ಡುವಿನಿಂದ ಹಂಪೆಗೆ ಹೋಗಿಬರಲು ಅರ್ಧ ದಿನ ಸಾಕು. ಇಷ್ಟು ಹತ್ತಿರದಲ್ಲಿ ಮೊದಲು ಹಾಡಿದವರನ್ನು ನಾವು ಒಂದು ರಾತ್ರಿಯೆಲ್ಲ ಮರೆತು ಕುಳಿತೆವು.

ಮುಂದಿನ ಕೂಟದಲ್ಲಿ ಪಟ್ಟಿಯನ್ನು ತೆರೆಯುವ ಮೊದಲು ರಾಜಗುರುಗಳ ರೆಕಾರ್ಡೊಂದನ್ನು ಹಚ್ಚಬೇಕೆಂದು ಆತಿಥೇಯರಿಗೆ ಕಾಗದ ಬರೆದಿದ್ದೇನೆ. ಹುಡುಕುವ ಕೆಲಸವನ್ನು ಅವರ ಮಗನು ವಹಿಸಿಕೊಂಡಿದ್ದಾನೆ.